ಬೇವಿನ ಮರದ ತನಕ ಓಡುವ ಗಾಡಿ

ತುಳಸಿರಾಮನ ಹೆಸರು ಮಾಣಿಕಮ್ಮನ ಕಿವಿಗೆ ಮೊದಲು ಬಿದ್ದದ್ದು ಬಳೆಗಾರ್ತಿ ಸುಂದರಬಾಯಿ ಮನೆಗೆ ಬಂದ ದಿನ. ಮಾಣಿಕಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಸುಂದರಬಾಯಿ ಆ ಮನೆಯ ಸೊಸೆ ಶಿಲ್ಪಾರಾಣಿಯ ಮುಂಗೈ ಹಿಚುಕಿ ಹಿಚುಕಿ ಹಸಿರು ಬಳೆ ಏರಿಸುತ್ತಿದ್ದಳು. ಬಳೆ ಏರಿಸುವಾಗ ಆಕೆಗೆ ಬಾಯಿ ಸುಮ್ಮನಿರುವುದಿಲ್ಲ. ಊರೂರಿನ ಸುದ್ದಿ ಹೇಳಿ ನಗಿಸಿದರೆ ಹೆಣ್ಣುಮಕ್ಕಳಿಗೆ ಕೈ ನೋಯುವುದು ತಿಳಿಯುವುದಿಲ್ಲ ಎಂಬುದು ಆಕೆಯ ಲೆಕ್ಕ.

"ಜಹೀರಾಬಾದಿನಾಗ ಒಬ್ಬ ಮಿಸ್ತ್ರಿಗೆ ತಲಿ ಕೆಟ್ಟದ ನೋಡ್ರಿ," ಎಂದಳು. "ಹೈವೇ ಬಾಜೂಕ ಒಂದು ರಿಸಾರ್ಟ್ ಇತ್ತಲ್ಲ? ಹೈದ್ರಾಬಾದಿನ ಮಂದಿ ರೊಕ್ಕ ಕೊಟ್ಟು ಮಣ್ಣಾಗ ಹೊರಳಾಡಿ ಹೋಗ್ತಿದ್ರು. ಅದು ಬಂದ್ ಆತು. ಅಲ್ಲಿ ಮೂಲ್ಯಾಗ ಬಿದ್ದಿದ್ದ ಒಂದು ಗಾಡಿ ಇವ ಎತಗೊಂಡು ಬಂದಾನ. ಬೈಕ್ ಅನ್ಬೇಕಂದ್ರ ನಾಕು ಗಾಲಿ ಅದಾವ. ಜೀಪ್ ಅನ್ಬೇಕಂದ್ರ ಮ್ಯಾಲ ಛತ್ತಿಲ್ಲ, ಬಾಜೂಕ ಬಾಗಲಿಲ್ಲ. ದಪ್ಪ ದಪ್ಪ ಗಾಲಿ ಹಾಕ್ಕೊಂಡು ಕಪ್ಪಿ ಕುಂತಂಗ ಕುಂತದ."

"ಓಡ್ತದೇನ್ರಿ?" ಎಂದಳು ಶಿಲ್ಪಾರಾಣಿ.

"ಬಸ್ ಸ್ಟ್ಯಾಂಡಿನ ತನಕ ಓಡ್ತದ. ಅಲ್ಲಿಂದ ವಾಪಸ್ ಅವನೇ ದೂಡ್ಕೊಂಡು ಬರ್ತಾನ."

ಶಿಲ್ಪಾರಾಣಿ ನಕ್ಕ ರಭಸಕ್ಕೆ ಒಂದು ಬಳೆ ಒಡೆಯಿತು. ಮಾಣಿಕಮ್ಮ ನಗಲಿಲ್ಲ. ಕೈಯಲ್ಲಿದ್ದ ತೊಗರಿಕಾಯಿ ಹಾಗೇ ಹಿಡಿದು, "ಕೆಸರಾಗ ಹೋಗ್ತದೇನು ಅದು?" ಎಂದು ಕೇಳಿದಳು.

ಕೇಳಲು ಕಾರಣವಿತ್ತು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ಆ ಸೀಮೆಯಲ್ಲಿ ಊರಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ರೊಟ್ಟಿ, ಅಂಬಲಿ ಹೊತ್ತು ತಮ್ಮ ತಮ್ಮ ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಆಮೇಲೆ ಅಲ್ಲಿಯೇ ಉಣ್ಣುತ್ತಾರೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಎಂದು ಅಡುಗೆಯ ತುತ್ತುಗಳನ್ನು ಹೊಲದ ನಾಲ್ಕೂ ಮೂಲೆಗೆ ಎರಚುವುದೇ ಚರಗ. ಒಬ್ಬರು ಕೂಗು ಹಾಕಿ ಎರಚುತ್ತ ಮುಂದೆ ಹೋದರೆ ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತಾರೆ. ಗಂಡ ಸಾಯಪ್ಪ ಇರುವ ತನಕ ಅವನು ಮುಂದೆ, ಮಾಣಿಕಮ್ಮ ನೀರಿನ ತಂಬಿಗೆ ಹಿಡಿದು ಹಿಂದೆ. ಅವನು ತೀರಿಕೊಂಡ ವರ್ಷ ಚರಗ ಯಾರು ಚೆಲ್ಲಬೇಕು ಎಂದು ಹಿರಿಯರು ಮಾತು ತೆಗೆಯುವಷ್ಟರಲ್ಲಿ ಇವಳು ಬುಟ್ಟಿ ಎತ್ತಿ ಕಂಕುಳಲ್ಲಿಟ್ಟು ಹೊಲದ ಅರ್ಧ ದಾಟಿದ್ದಳು. ಆಮೇಲೆ ಯಾರೂ ಆ ಮಾತು ತೆಗೆಯಲಿಲ್ಲ.

ಈಗ ಮಾತು ತೆಗೆದದ್ದು ಮೊಣಕಾಲು. ಎರಡು ವರ್ಷದಿಂದ ಅವಳು ಮನೆಯಲ್ಲಿ, ಚರಗ ಮೈದುನನ ಮಗ ಸಂಜೀವಕುಮಾರನ ಕೈಯಲ್ಲಿ. ಅವಳನ್ನು ಮನೆಯಲ್ಲಿಟ್ಟುಕೊಂಡು ನೋಡುವವನೂ ಅವನೇ, ಒಳ್ಳೆಯ ಹುಡುಗ. ಆದರೆ ಚರಗ ಚೆಲ್ಲುವಾಗ ಒಂದು ಕೈಯಲ್ಲಿ ಫೋನು.

"ಬಾವಿ ಮೂಲಿಗಿ ಚೆಲ್ಲಿದೇನು?" ಎಂದು ಇವಳು ಕೇಳಿದರೆ, "ಅತ್ಲಾಗ ಕೈ ಬೀಸೀನಿ ದೊಡ್ಡವ್ವಾ," ಎನ್ನುತ್ತಿದ್ದ.

ಕೈ ಬೀಸುವುದಂತೆ! ಆ ಬಾವಿ ಸಾಯಪ್ಪ ತೋಡಿದ ಬಾವಿ. ಗಂಡ ಹೆಂಡತಿ ಕಲ್ಲು ಹೊತ್ತು ಹೊತ್ತು ಕಟ್ಟಿದ್ದು. ಎರಡು ವರ್ಷ ಆ ಮೂಲೆ ಉಪವಾಸ ಬಿದ್ದಿದೆ ಎಂಬುದು ಮಾಣಿಕಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು. ಹೋಗಬೇಕೆಂದರೆ ದಾರಿಯಿಲ್ಲ. ಎತ್ತು ಮಾರಿಯಾಗಿದೆ. ಎಳ್ಳಮಾಸಿ ಹೊತ್ತಿಗೆ ಟ್ರ್ಯಾಕ್ಟರೆಲ್ಲ ಕಬ್ಬು ಹೇರಿಕೊಂಡು ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತಿರುತ್ತವೆ. ಆಟೋ ಡಾಂಬರು ಬಿಟ್ಟು ಇಳಿಯುವುದಿಲ್ಲ. ಒಮ್ಮೆ ಸಂಜೀವಕುಮಾರನ ಬೈಕಿನ ಹಿಂದೆ ಕೂತಿದ್ದಳು. ಹೊಲದ ದಾರಿಗೆ ಅಡ್ಡ ಬರುವ ಕೆಸರಿನ ನಾಲೆ ದಾಟುವಾಗ ಅವನು ಆ ದಂಡೆ ಮುಟ್ಟಿ ಹಿಂದೆ ನೋಡಿದರೆ ದೊಡ್ಡವ್ವ ನಾಲೆಯಲ್ಲಿಯೇ ಕೂತಿದ್ದಳು. ಆವತ್ತೇ ಎರಡು ಗಾಲಿಯ ಸಹವಾಸ ಬಿಟ್ಟಳು.

ಈಗ ನಾಲ್ಕು ಗಾಲಿಯ ಸುದ್ದಿ ತಾನಾಗಿ ಮನೆಗೆ ಬಂದಿತ್ತು.

ಮೊಣಕಾಲಿಗೆ ಎಣ್ಣೆ ತರುವ ನೆಪ ಹೇಳಿ ಮಾಣಿಕಮ್ಮ ಜಹೀರಾಬಾದಿಗೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು. ಒಳಗೆ ಎಣ್ಣೆಗಪ್ಪಾದ ಅಂಗಿಯ ಒಬ್ಬ ಗಂಡಸು ಮೊಪೆಡ್ಡಿನ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಅದಕ್ಕೆ ಕಿವಿ ಹಚ್ಚಿದ್ದ.

"ತಮ್ಮಾ, ಮಿಸ್ತ್ರಿ ತುಳಸಿರಾಮ ಅಂದ್ರ..."

ಅವನು ಕೈ ಎತ್ತಿದ. "ಶ್! ಜರಾ ಸುಮ್ನಿರ್ರಿ. ಮಾತಾಡಾಕ ಹತ್ಯದ."

"ಯಾರು?"

"ಇಂಜಿನ್."

ಮಾಣಿಕಮ್ಮ ಅಲ್ಲಿದ್ದ ಟಯರಿನ ಮೇಲೆ ಕೂತಳು. ಇಂಜಿನ್ನಿನ ಮಾತು ಮುಗಿದ ಮೇಲೆ ತುಳಸಿರಾಮನ ಮಾತು ಶುರುವಾಯಿತು. ಅದಕ್ಕೆ ಬ್ರೇಕ್ ಇರಲಿಲ್ಲ.

ಅವನು ನಾರಾಯಣಖೇಡ ಕಡೆಯವನು. ಅಪ್ಪನಿಗೆ ಸ್ವಂತ ಹೊಲವಿರಲಿಲ್ಲ, ಕಂಡವರ ಹೊಲದಲ್ಲಿ ದುಡಿದ. ಮಗ ಮೀಸೆ ಮೂಡುವ ಮುಂಚೆಯೇ ತಾಂಡೂರಿಗೆ ಹೋಗಿ, ನೆಲಕ್ಕೆ ಹಾಸುವ ಫರಶಿ ಕಲ್ಲು ಹೇರುವ ಲಾರಿಗಳ ರಿಪೇರಿ ಮಾಡುತ್ತಿದ್ದ ಒಬ್ಬ ಉಸ್ತಾದನ ಕೈಗೆ ಬಿದ್ದ. ಸೀಮೆಎಣ್ಣೆಯಲ್ಲಿ ಸಾಮಾನು ತೊಳೆದೂ ತೊಳೆದೂ ಅಂಗೈ ಬೆಳ್ಳಗಾದ ಮೇಲೆ ಉಸ್ತಾದ ಅವನ ಕೈಗೆ ಒಂದು ಕಾರ್ಬುರೇಟರ್ ಕೊಟ್ಟನಂತೆ. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಕುಡಿಸುವ ಆ ಅಂಗೈಯಗಲದ ಸಾಮಾನು ಕಂಡ ದಿನದಿಂದ ತುಳಸಿರಾಮನಿಗೆ ಬೇರೆ ದೇವರು ಕಾಣಲಿಲ್ಲ.

"ಕಾರ್ಬೇಟರ್ ಅಂದ್ರ ಗಂಟಲ ಇದ್ದಂಗ ಆಯಿ," ಎಂದ. "ಗಾಡಿಗಿ ಯಾವ ಜಡ್ಡು ಬಂದ್ರೂ ಗಂಟಲದಾಗೇ ಬರೂದು. ಈಗಿನ ಗಾಡಿಗೋಳಿಗೆ ಗಂಟಲೇ ಇಲ್ಲ! ಎಲ್ಲಾ ಕಂಪ್ಯೂಟರ್. ಹುಡುಗ್ರು ವೈರ್ ಹಚ್ಚಿ ಟಿವಿ ನೋಡಿದಂಗ ನೋಡ್ತಾರ. ಇಂಜಿನ್ನಿನ ಕೂಡ ಒಂದು ಮಾತಿಲ್ಲ, ಕತಿಯಿಲ್ಲ."

ಹೆಂಡತಿ ಕೌಶಲ್ಯಾ ಒಳಗಿನಿಂದ ಚಹಾ ತಂದಳು. "ನಂಬಬ್ಯಾಡ್ರಿ ಆಯಿ. ನನಗ ಕೆಮ್ಮು ಬಂದ್ರ ಕಾರ್ಬೇಟರಿನ ಜೆಟ್ಟಿನಾಗ ಕಚರಾ ಕುಂತದ ಅಂತಾನ. ಉಣ್ಣಾಕ ಕರೀಬೇಕಂದ್ರ ನಾನು ಹಾರ್ನ್ ಹೊಡೀಬೇಕು. ಹೆಸರು ಹಿಡಿದು ಕೂಗಿದ್ರ ಕೇಳಂಗೇ ಇಲ್ಲ."

ಆ ಗಾಡಿ ಶೆಡ್ಡಿನ ಮೂಲೆಯಲ್ಲಿ ಕಪ್ಪೆಯ ಹಾಗೇ ಕೂತಿತ್ತು. ಅದರ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಅಂಗೈ ದಪ್ಪ ಕುಂಕುಮ. ಉಸ್ತಾದ ಕಲಿಸಿದ ಪದ್ಧತಿ ಅದು. ಗಾಡಿ ಬಿಚ್ಚುವ ಮುಂಚೆ ಒಮ್ಮೆ, ಗುಣವಾದ ಮೇಲೆ ಒಮ್ಮೆ, ಅಮಾವಾಸ್ಯೆಗೊಮ್ಮೆ ಅದರ ತಲೆಗೆ ಕುಂಕುಮ ಇಡಬೇಕು. ಒಣ ಕುಂಕುಮ ಓಡುವಾಗ ಹಾರಿಹೋಗುತ್ತದೆಂದು ತುಳಸಿರಾಮ ಭಂಡಾರದ ಅರಿಶಿನವನ್ನೂ ಕುಂಕುಮವನ್ನೂ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಗೋಡೆಗೆ ಗಿಲಾವು ಮಾಡಿದಂತೆ ಮೆತ್ತುತ್ತಿದ್ದ.

ಮಾಣಿಕಮ್ಮ ತನ್ನ ಮಾತು ಹೇಳಿದಳು. ಬಾವಿ ಮೂಲೆಯ ಮಾತೂ ಹೇಳಿದಳು. ತುಳಸಿರಾಮ ಬೆರಳಿನ ಗ್ರೀಸು ಒರೆಸಿಕೊಂಡ.

"ಎಳ್ಳಮಾಸಿ ದಿನ ಈ ಗಲ್ಲಿ ಪೂರಾ ಖಾಲಿ ಆಗ್ತದ ಆಯಿ," ಎಂದ. "ಎಲ್ಲಾರೂ ಹೊಲಕ್ಕ. ನಮಗ ಹೊಲ ಇಲ್ಲ. ನಾ ಇಲ್ಲೇ ಕುಂತು ಖಾಲಿ ರೋಡ್ ನೋಡ್ತೀನಿ. ನಿಮ್ಮನ್ನ ನಿಮ್ಮ ಬಾವಿ ಮೂಲ್ಯಾಗ ಇಳಸ್ತೀನಿ. ನನಗ ಭಜ್ಜಿ ನೀಡ್ತೀರೇನು?"

"ಹೊಟ್ಟಿ ಬಿರಿಯೂ ತನಕ."

"ಹಂಗಾದ್ರ ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ. ಗ್ಯಾರಂಟಿ!"

ಎಳ್ಳಮಾಸಿ ಬಂತು. ಜಹೀರಾಬಾದಿನಿಂದ ಮೊಗುಡಂಪಲ್ಲಿ ದಾರಿ ಹಿಡಿದು ಒಂದು ಟೆಂಪೋ ಆ ಗಾಡಿಯನ್ನು ಹೊತ್ತು ತಂದು ಮಾಣಿಕಮ್ಮನ ಅಂಗಳದಲ್ಲಿ ಇಳಿಸಿತು.

ಸಂಜೀವಕುಮಾರ ಅದರ ಸುತ್ತ ತಿರುಗಿ ನೋಡಿದ. "ಮಿಸ್ತ್ರಿ, ಗಾಡಿನ ಗಾಡ್ಯಾಗ ತಂದೀರಲ್ಲ, ಇನ್ನ ದೊಡ್ಡವ್ವನ್ನ ಹೆಂಗ ಒಯ್ತೀರಿ?"

"ದೂರದ ದಾರಿಗೆ ಇಂಜಿನ್ ದಣೀಬಾರ್ದಂತ ಹೇರ್ಕೊಂಡು ಬಂದೀನಿ," ಎಂದ ತುಳಸಿರಾಮ, ಮುಖ ತಿರುಗಿಸಿ.

"ದೊಡ್ಡವ್ವಾ, ಸುಮ್ನ ಮನ್ಯಾಗಿರು. ಈ ಸಲ ಬಾವಿ ಮೂಲಿಗಿ ನಾನೇ ಖುದ್ದ ಹೋಗಿ ಚೆಲ್ತೀನಿ."

"ಫೋನ್ ಬಿಟ್ಟು ಹೋಗ್ತೀಯೇನು?"

ಸಂಜೀವಕುಮಾರ ಕಿಸೆ ಮುಟ್ಟಿಕೊಂಡ. "ಹೊತ್ತು ನೆತ್ತಿ ಮ್ಯಾಲ ಬರೂ ತನಕ ದಾರಿ ನೋಡ್ತೀನಿ. ಚರಗ ಚೆಲ್ಲದ ಯಾರೂ ಉಣ್ಣಂಗಿಲ್ಲ, ಬೀಗರು ಬ್ಯಾರೆ ಬರಾಕ ಹತ್ಯಾರ. ಆಮ್ಯಾಲ ನಾ ಚೆಲ್ಲಿಬಿಡ್ತೀನಿ ನೋಡು," ಎಂದು ಹೇಳಿ ರೊಟ್ಟಿಯ ಬುಟ್ಟಿ ಹೊತ್ತು ಹೆಂಡತಿ ಶಿಲ್ಪಾರಾಣಿಯೊಡನೆ ನಡೆದ.

ಅಂಬಲಿ ಮಾತ್ರ ಉಳಿಯಿತು. ಮಣ್ಣಿನ ಗಡಿಗೆ ಕುಲುಕಿ ಚೆಲ್ಲೀತೆಂದು ಶಿಲ್ಪಾರಾಣಿ ಅದನ್ನು ಸಣ್ಣ ಬಾಯಿಯ ಪ್ಲಾಸ್ಟಿಕ್ ಕ್ಯಾನಿಗೆ ಸುರಿದು, ಬಿರಡೆ ಬಿಗಿದು ಅತ್ತೆಯ ತೊಡೆಯ ಮೇಲಿಟ್ಟು ಹೋಗಿದ್ದಳು.

ತುಳಸಿರಾಮ ಪೆಟ್ರೋಲ್ ಎಷ್ಟಿದೆಯೆಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಮತ್ತೆ ಬಿಗಿದ. ಅಮಾವಾಸ್ಯೆಯಲ್ಲವೇ, ಅದರ ಮೇಲೆ ಹೊಸ ಕುಂಕುಮ ಮೆತ್ತಿದ, ಕಾಯಿ ಒಡೆದ, ನಿಂಬೆಹಣ್ಣು ಗಾಲಿಗಿಟ್ಟ. ಮಾಣಿಕಮ್ಮನನ್ನು ಹಿಂದೆ ಕೂಡಿಸಿದ. ಗಾಡಿ ಗುರ್ರೆಂದು ಹೊರಟಿತು. ಓಣಿಯ ನಾಯಿಗಳು ಬೊಗಳುವುದನ್ನೇ ಮರೆತವು. ಮಾಣಿಕಮ್ಮನ ಸೆರಗು ಹಾರಿತು, ಮುದುಕಿಗೆ ಮದುವೆಯ ಮೆರವಣಿಗೆಯ ನೆನಪಾಯಿತು.

ಊರ ಹೊರಗಿನ ಬೇವಿನ ಮರದ ತನಕ. ಅಲ್ಲಿ ಅದು ಒಮ್ಮೆ ಕೆಮ್ಮಿತು. ಭಡ್... ಭಡ್ ಭಡ್... ಎಂದು ಬಿಕ್ಕಿತು. ಫಟ್ ಎಂದು ಒಂದು ಹೊಗೆ ಬಿಟ್ಟು ಸುಮ್ಮನಾಯಿತು.

"ಗಂಟಲ," ಎಂದ ತುಳಸಿರಾಮ.

ಸಾಮಾನಿನ ಪೆಟ್ಟಿಗೆ ಅಂಗಳದಲ್ಲಿಯೇ ಉಳಿದಿತ್ತು. ಇಳಿಯುತ್ತೇನೆಂದರೆ ಅವನು ಬಿಡಲಿಲ್ಲ. ಅಂಬಲಿ ಕ್ಯಾನು ಅಪ್ಪಿಕೊಂಡು ಕೂತ ಮಾಣಿಕಮ್ಮನ ಸಮೇತ ಗಾಡಿಯನ್ನು ಮನೆಯ ತನಕ ದೂಡಿದ. ಹೊಲಕ್ಕೆ ತಡವಾಗಿ ಹೊರಟಿದ್ದ ಹೆಣ್ಣುಮಕ್ಕಳು ತಲೆಯ ಬುಟ್ಟಿ ಹಿಡಿದು ನಿಂತು ನೋಡಿದರು.

"ಮಾಣಿಕವ್ವ, ಹೊಲ ಅತ್ಲಾಗದ!"

"ಗೊತ್ತದ, ಗೊತ್ತದ. ಊರೊಳಗ ಒಂದು ಸುತ್ತು ಹಾಕಿ ಹೋಗ್ತೀನಿ," ಎಂದಳು ಮಾಣಿಕಮ್ಮ, ಸೆರಗು ಸರಿಮಾಡಿಕೊಂಡು.

ಅಂಗಳದಲ್ಲಿ ತುಳಸಿರಾಮ ಕಾರ್ಬುರೇಟರ್ ಬಿಚ್ಚಿದ. ಕೆಳಗಿನ ಬಟ್ಟಲು ತೆಗೆದು ಬೆಳಕಿಗೆ ಹಿಡಿದ. ಜೆಟ್ ಎಂಬ ಸೂಜಿಕಣ್ಣಿನ ಹಿತ್ತಾಳೆ ತುಂಡನ್ನು ಬಾಯಿಗಿಟ್ಟು ಕೊಳಲಿನಂತೆ ಊದಿದ. ಅದರೊಳಗಿಂದ ಒಂದು ಕಣ ಹಾರಿ ಅವನ ಮೀಸೆಗೆ ಅಂಟಿತು.

"ಸಿಕ್ಕಿತು ನೋಡ್ರಿ ಜಡ್ಡು!"

"ಇಷ್ಟು ಸಣ್ಣದು ಇಷ್ಟು ದೊಡ್ಡ ಗಾಡಿ ನಿಂದ್ರಸ್ತದೇನು?"

"ಕಣ್ಣಾಗ ಧೂಳು ಬಿದ್ರ ಆನಿನೂ ನಿಂದರ್ತದ ಆಯಿ."

ಮತ್ತೆ ಜೋಡಿಸಿದ. ಗಾಡಿ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಗುಣವಾದ ಸಂತೋಷಕ್ಕೆ ಮುಚ್ಚಳದ ಮೇಲೆ ಇನ್ನೊಂದು ಬೆರಳು ಕುಂಕುಮ. ಹೊರಟರು. ಬೇವಿನ ಮರ. ಭಡ್... ಭಡ್ ಭಡ್... ಫಟ್.

ಎರಡನೆಯ ಸಲ ದೂಡುವಾಗ ಅವನ ಬೆವರು ಕಂಡು ಮಾಣಿಕಮ್ಮ ತಾನೇ ಇಳಿದು ಕುಂಟುತ್ತ ಬಂದಳು. ಈ ಸಲ ಅವನು ಪ್ಲಗ್ಗು ಕಿತ್ತ, ಮಸಿ ಒರೆಸಿದ, ಗೀಚಿದ. ಗಾಳಿ ಹೋಗುವ ಡಬ್ಬಿ ಬಿಚ್ಚಿದರೆ ಕಣಜದ ಹುಳು ಅಲ್ಲಿ ಮಣ್ಣಿನ ಮನೆ ಕಟ್ಟಿತ್ತು. "ಈಗ ಖರೇನ ಸಿಕ್ಕಿತು!" ಎಂದ. ಗಾಡಿ ಹೊತ್ತಿಕೊಂಡಿತು, ಹುಲಿಯ ಹಾಗೆ ಗುರುಗುಟ್ಟಿತು. ಮತ್ತೊಂದು ಬೆರಳು ಕುಂಕುಮ.

"ಮಿಸ್ತ್ರಿ, ಈ ಸಲ ಪೆಟ್ಟಿಗಿ ಕೂಡ ತಗೋ," ಎಂದಳು ಮಾಣಿಕಮ್ಮ.

"ಅವಶ್ಯ ಬೀಳಂಗಿಲ್ಲ."

"ಬೀಳಲಿಕ್ಕಿಲ್ಲ. ತಗೋ."

ಬೇವಿನ ಮರದ ಬುಡದಲ್ಲಿ ಗಾಡಿ ಮೂರನೆಯ ಸಲ ಬಿಕ್ಕಿ ನಿಂತಾಗ ತುಳಸಿರಾಮ ಇಳಿಯಲಿಲ್ಲ. ಹ್ಯಾಂಡಲ್ ಹಿಡಿದು ಕೂತೇ ಇದ್ದ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಹೊತ್ತಿಕೊಳ್ಳುತ್ತದೆ, ನಾಲ್ಕು ಮಾರು ಹೋಗಿ ಮತ್ತೆ ಬಿಕ್ಕುತ್ತದೆ. ಇಂಥ ಜಡ್ಡು ಅವನು ತಾಂಡೂರಲ್ಲಿಯೂ ಕಂಡಿರಲಿಲ್ಲ. ಕಿವಿ ಹಚ್ಚಿದ. ಇಂಜಿನ್ ಅವನೊಡನೆ ಮಾತಾಡಲಿಲ್ಲ.

ದೂರದ ಹೊಲಗಳಿಂದ ಚರಗದ ಕೂಗು ಒಂದೊಂದಾಗಿ ಏಳತೊಡಗಿತ್ತು. ಮಾಣಿಕಮ್ಮ ಹೊತ್ತು ನೋಡಿದಳು. ನೆರಳು ಮರದ ಬುಡಕ್ಕೆ ಬಂದಿತ್ತು. ಮೊಣಕಾಲು ಮುಟ್ಟಿಕೊಂಡಳು. ಇಲ್ಲಿಂದ ನಡೆದರೆ ನಾಲೆಯ ತನಕವಾದರೂ ಹೋದೇನೇ ಎಂದು ಲೆಕ್ಕ ಹಾಕಿದಳು. ಅದು ಆಗದ ಮಾತು. ಸೊಂಟದ ಚೀಲದಲ್ಲಿ ಫೋನು ಕುಣಿಯಿತು.

"ದೊಡ್ಡವ್ವಾ, ಎಲ್ಲಿದ್ದೀ?"

"ಬೇವಿನ ಗಿಡದ ಬುಡಕ್ಕ."

"ಇನ್ನೂ?" ಸಂಜೀವಕುಮಾರ ನಗು ತಡೆದುಕೊಂಡದ್ದು ಕೇಳಿಸಿತು. "ಬೀಗರು ಹಸದಾರ. ಚೆಲ್ಲಿಬಿಡ್ಲೇನು?"

"ಜರಾ ತಡಿಯಪ್ಪಾ," ಎಂದಳು. ದನಿ ಸಣ್ಣದಾಗಿತ್ತು.

ತುಳಸಿರಾಮನಿಗೆ ಆ ದನಿ ಕೇಳಿಸಿತು. ತಲೆ ತಗ್ಗಿಸಿದ. "ನಾ ಸುಮ್ನ ಗ್ಯಾರಂಟಿ ಅಂದೆ ಆಯಿ. ನನ್ನ ಬಾಯಿ ಹಂಗದ."

"ಬಾಯಿ ಆರ್ಯದ ನಿನಗ. ಮೊದಲ ಅಂಬ್ಲಿ ಕುಡಿ."

ಬಿರಡೆ ತೆಗೆದು ಅವಳು ಕ್ಯಾನನ್ನು ಪೂರಾ ಬಗ್ಗಿಸಿದಳು. ಅವನು ಬೊಗಸೆ ಒಡ್ಡಿದ. ಅಂಬಲಿ ಗುಳುಕ್ ಎಂದು ಒಂದು ಗುಟುಕು ಬಿತ್ತು, ನಿಂತಿತು. ಕ್ಯಾನಿನ ಹೊಟ್ಟೆ ಒಳಕ್ಕೆ ಎಳೆದುಕೊಂಡಿತು. ಮತ್ತೆ ಗುಳುಕ್, ಮತ್ತೆ ನಿಂತಿತು.

"ನೋಡು, ಇದೂ ನಿನ್ನ ಗಾಡಿಯಂಗೇ ಬಿಕ್ಕಾಕ ಹತ್ತಿತು," ಎಂದಳು ಮಾಣಿಕಮ್ಮ. "ನಾ ಸೊಸಿಗಿ ಹೇಳಿದ್ದೆ. ಎಣ್ಣಿ ಡಬ್ಬಿಗಿ ಎರಡು ತೂತು ಹೊಡೀತೀವಿಲ್ಲೋ? ಒಂದರಾಗ ಎಣ್ಣಿ ಹೊರಗ ಬಂದ್ರ ಇನ್ನೊಂದರಾಗ ಗಾಳಿ ಒಳಗ ಹೋಗಬೇಕು. ಗಾಳಿ ಹೋಗಲಿಲ್ಲಂದ್ರ..."

ಬೊಗಸೆಯ ಅಂಬಲಿ ತುಳಸಿರಾಮನ ಮೊಣಕೈ ತನಕ ಇಳಿಯುತ್ತಿತ್ತು. ಅವನಿಗೆ ಅದರ ಪರಿವೆಯಿರಲಿಲ್ಲ. ಅವನು ಟ್ಯಾಂಕಿನ ಮುಚ್ಚಳ ನೋಡುತ್ತಿದ್ದ.

ಎದ್ದುಹೋಗಿ ಮುಚ್ಚಳ ತಿರುಗಿಸಿದ. ಸುಸ್ಸ್ ಎಂದು ಟ್ಯಾಂಕು ಗಾಳಿಯನ್ನು ಒಳಗೆ ಎಳೆದುಕೊಂಡಿತು, ಬಹಳ ಹೊತ್ತು ನೀರಲ್ಲಿ ಮುಳುಗಿದ್ದವನು ಮೇಲೆದ್ದು ಉಸಿರೆಳೆದ ಹಾಗೆ.

"ಏನಾತೋ?" ಎಂದಳು ಮಾಣಿಕಮ್ಮ.

"ಇದರಾಗ ಒಂದು ತೂತು ಇರ್ತದ ಆಯಿ. ಟ್ಯಾಂಕಿಗಿ ಉಸಿರಾಡಾಕ. ಗಾಳಿ ಒಳಗ ಹೋದ್ರೇ ಪೆಟ್ರೋಲ್ ಕೆಳಗ ಇಳೀತದ." ಅವನು ಬೆರಳಿನಿಂದ ಮುಚ್ಚಳ ಉಜ್ಜಿದ. ತೂತು ಕಾಣಲಿಲ್ಲ. ಕಂಡದ್ದು ಕುಂಕುಮ, ಅದರಡಿ ಭಂಡಾರ, ಅದರಡಿ ಹಿಂದಿನ ಅಮಾವಾಸ್ಯೆಯ ಕುಂಕುಮ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಂದ್ರ, ಅದರ ಗಂಟಲ ಚೊಲೋನೇ ಇತ್ತು," ಎಂದಳು ಮಾಣಿಕಮ್ಮ ನಿಧಾನವಾಗಿ. "ನೀನೇ ಮೂಗು ಹಿಡಿದಿದ್ದಿ."

"ಗುಣ ಆದಾಗೊಮ್ಮೆ ಹಿಡದೀನಿ," ಎಂದ ತುಳಸಿರಾಮ. ಮಾಣಿಕಮ್ಮ ಆ ಮರದ ಬುಡದಲ್ಲಿ ನಕ್ಕ ನಗುವಿಗೆ ಮೇಲಿದ್ದ ಗಿಳಿಗಳೆಲ್ಲ ಎದ್ದು ಹೋದವು.

ಪೆಟ್ಟಿಗೆ ಜಾಲಾಡಿದ. ಪಾನಾ ಇತ್ತು, ಪಕ್ಕಡ ಇತ್ತು, ಸುತ್ತಿಗೆಯೂ ಇತ್ತು. ಆ ಕೂದಲೆಳೆಯ ತೂತಿಗೆ ಹೋಗುವಂಥದ್ದು ಒಂದೂ ಇರಲಿಲ್ಲ. ಜೆಟ್ಟಿಗೆ ತೂರಿಸುವ ತಂತಿ ಅಂಗಳದಲ್ಲಿಯೇ ಬಿದ್ದಿತ್ತು. ಮಾಣಿಕಮ್ಮ ಬದುವಿನ ಜಾಲಿ ಗಿಡದಿಂದ ಒಂದು ಉದ್ದನೆಯ ಮುಳ್ಳು ಮುರಿದು ಕೊಟ್ಟಳು. ಅವನು ಮುಚ್ಚಳ ಕೆರೆದು, ಮುಳ್ಳಿನ ಮೊನೆ ಇಳಿಸಿ ತಿರುವಿ, ಇನ್ನೊಂದು ಕಡೆಯಿಂದ ಊದಿದ. ಕೆಂಪು ಪುಡಿ ಹಾರಿ ಅವನ ಹಣೆಯ ಮೇಲೆಯೇ ಕೂತಿತು.

ಗಾಡಿ ಹೊತ್ತಿಕೊಂಡಿತು. ಬೇವಿನ ಮರ ಹಿಂದೆ ಉಳಿಯಿತು. ನಾಲೆ ಬಂತು. ಮಾಣಿಕಮ್ಮ ಕಣ್ಣು ಮುಚ್ಚಿ ಅವನ ಅಂಗಿ ಹಿಡಿದಳು. ದಪ್ಪ ಗಾಲಿಗಳು ಕರಿಮಣ್ಣಿನ ಕೆಸರನ್ನು ಎಡಬಲಕ್ಕೆ ಎರಚುತ್ತ ನುಂಗಿದವು, ಉಗುಳಿದವು. ಕಣ್ಣು ಬಿಟ್ಟರೆ ತನ್ನ ತೊಗರಿ, ತನ್ನ ಬಿಳಿಜೋಳ, ಪೂಜೆಗೆ ನಿಲ್ಲಿಸಿ ಸುಣ್ಣ ಬಳಿದ ಐದು ಕಲ್ಲು, ಬುಟ್ಟಿ ಎತ್ತಿ ಹಿಡಿದು ನಿಂತಿದ್ದ ಸಂಜೀವಕುಮಾರ.

"ಇಡು ಕೆಳಗ!" ಎಂದು ಅವಳು ಗಾಡಿಯ ಮೇಲಿಂದಲೇ ಕೂಗಿದಳು.

ಅವಳು ಚರಗ ಚೆಲ್ಲಿದಳು. ಗಾಡಿಯಲ್ಲಿ ಕೂತು ಅಲ್ಲ, ಇಳಿದು, ಸಂಜೀವಕುಮಾರನ ಹೆಗಲು ಹಿಡಿದು, ಬದುವಿನ ಗುಂಟ. ಕೂಗು ಹಾಕಿದ್ದು ಸಂಜೀವಕುಮಾರ. ಬಾವಿ ಮೂಲೆಗೆ ಬಂದಾಗ ಹೆಗಲು ಬಿಟ್ಟು, ಬುಟ್ಟಿಯಲ್ಲಿದ್ದ ದೊಡ್ಡ ತುತ್ತನ್ನೇ ಆರಿಸಿ ಅಲ್ಲಿಟ್ಟಳು. ಹಿಂದೆ ತಿರುಗಿದರೆ ನೀರಿನ ತಂಬಿಗೆ ಹಿಡಿದು ಬರುತ್ತಿದ್ದವನು ತುಳಸಿರಾಮ. ಯಾರೂ ಹೇಳಿರಲಿಲ್ಲ, ತಾನೇ ಎತ್ತಿಕೊಂಡಿದ್ದ. ಕಾಲಿಗೆ ಚಪ್ಪಲಿ ಇರಲಿಲ್ಲ. ಚಿಮುಕಿಸಬೇಕಾದ ನೀರನ್ನು ಪ್ಲಗ್ಗು ತೊಳೆದ ಹಾಗೆ ಸುರಿಯುತ್ತಿದ್ದ.

"ಸಣ್ಣಗ ಹನಿಸೋ ಮಿಸ್ತ್ರಿ, ತೊಗರಿಗಿ ಥಂಡಿ ಆಗ್ತದ," ಎಂದಳು. ಆಮೇಲೆ ಅವನಿಗೆ ಹೊಟ್ಟೆ ಬಿರಿಯುವ ತನಕ ಭಜ್ಜಿ ನೀಡಿದಳು.

ಮುಂದಿನ ಎಳ್ಳಮಾಸಿಗೂ ಅವನು ಬಂದ, ಅದರ ಮುಂದಿನದಕ್ಕೂ. ಆ ಸಲ ಕೌಶಲ್ಯಾಳನ್ನೂ ಕರೆತಂದ. ಕುಂಕುಮ ಈಗ ಹೆಡ್‌ಲೈಟಿನ ಮೇಲೆ, ಅದೂ ಒಂದು ಬೊಟ್ಟು. ಅಷ್ಟರಲ್ಲಿ ಗಂಟಲಿದ್ದ ಗಾಡಿಗಳು ಗಲ್ಲಿಗೆ ಬರುವುದೇ ಕಡಿಮೆಯಾಗಿತ್ತು. ತಾಂಡೂರಿನ ಉಸ್ತಾದನ ಮಗ ಕಲ್ಲಿನ ಗಣಿಯ ಹಳೆಯ ಮಷೀನುಗಳಿಗೆ ಕೈ ಬೇಕೆಂದು ಕರೆದ. ಶೆಡ್ಡಿನ ತಗಡು ಬಿಚ್ಚಿದ ವಾರ ತುಳಸಿರಾಮ ಆ ಕಪ್ಪೆಯನ್ನು ತಾನೇ ಓಡಿಸಿಕೊಂಡು, ಈ ಸಲ ಟೆಂಪೋ ಇಲ್ಲದೆ, ಮಾಣಿಕಮ್ಮನ ಅಂಗಳಕ್ಕೆ ಬಂದ. ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಕೀಲಿಕೈಯನ್ನು ಸಂಜೀವಕುಮಾರನಿಗೆ ಕೊಡದೆ ಅವಳ ಕೈಗೇ ಕೊಟ್ಟ.

ಹೊಸ್ತಿಲು ದಾಟಿದವನು ತಿರುಗಿ ಬಂದ. ಸುತ್ತ ಯಾರಿದ್ದಾರೆಂದು ನೋಡಿಕೊಂಡ.

"ಆಯಿ, ಒಂದು ಮಾತು ಕೇಳ್ಲೇನು?"

"ಕೇಳೋ."

"ನಾ ಹೋದಮ್ಯಾಲ ನೀವು ಈ ಕತಿ ಎಲ್ಲಾರಿಗೂ ಹೇಳ್ತೀರಿ. ಗೊತ್ತದ ನನಗ. ಹೇಳ್ರಿ. ದೂಡಿದ್ದೂ ಹೇಳ್ರಿ, ಕುಂಕುಮದ್ದೂ ಹೇಳ್ರಿ. ಖರೆ, ತಾಂಡೂರು ಇಲ್ಲಿಂದ ಭಾಳ ದೂರಿಲ್ಲ, ಅಲ್ಲಿ ಮಿಸ್ತ್ರಿಗೋಳು ಭಾಳ ಅದಾರ. ಜಾಲಿ ಮುಳ್ಳು ಅಂತ ಮಾತ್ರ ಅನ್ನಬ್ಯಾಡ್ರಿ. ಮಿಸ್ತ್ರಿ ಕಡಿ ಒಂದು ಫಾರಿನ್ ಟೂಲ್ ಇತ್ತು ಅನ್ರಿ."